ನಾನು ಕಂಡುಹಿಡಿದ ಕಾಯಿಲೆಗಳು

ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ ಮೊದಲ ವಾರದಲ್ಲೇ ನಾನೊಂದು ಜೀವಿಯನ್ನು ಕಂಡುಹಿಡಿದೆ. ದುಂಡಗಿತ್ತು. ಸುತ್ತ ದಪ್ಪನೆಯ ಕಪ್ಪು ಅಂಚು, ನಡುವೆ ಥಳಥಳ ಹೊಳೆಯುವ ಬಿಳುಪು. ಮೈಕ್ರೋಸ್ಕೋಪಿನ ಸ್ಕ್ರೂ ತಿರುಗಿಸಿದರೆ ಅಂಚು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಉಸಿರಾಡ್ತಿದೆ ಅಂದುಕೊಂಡೆ. ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಚಿತ್ರ ಬರೆದು, ಶೇಡಿಂಗ್ ಕೊಟ್ಟು, ಬಾಣದ ಗುರುತು ಹಾಕಿ ಮೇಡಂ ಅವರನ್ನು ಕರೆದೆ. ಅವರು ಕಣ್ಣಿಟ್ಟರು, ತೆಗೆದರು. "ಗಾಳಿಗುಳ್ಳೆ" ಅಂದರು. ಮುಂದಿನ ಬೆಂಚಿಗೆ ಹೋದರು.

ಎರಡನೇ ವಾರ ಉದ್ದನೆಯ, ಬಾಗಿದ, ಕಪ್ಪು ಹುಳ ಕಾಣಿಸಿತು. ವಿಚಿತ್ರ ಅಂದರೆ ಸ್ಲೈಡ್ ಎಷ್ಟು ಸರಿಸಿದರೂ ಹುಳ ಮಾತ್ರ ಇದ್ದಲ್ಲೇ ಇರುತ್ತಿತ್ತು. ಈ ಸಲ ಮೇಡಂ ಅವರನ್ನು ಕರೆಯೋ ಮೊದಲು ಒಮ್ಮೆ ಕಣ್ಣು ಮಿಟುಕಿಸಿದೆ. ಹುಳವೂ ಮಿಟುಕಿಸಿತು. ನನ್ನದೇ ರೆಪ್ಪೆಗೂದಲು.

ಈ ಕೋರ್ಸಿನಲ್ಲಿ ಏನು ಕಲಿಸ್ತಾರೆ ಅಂತ ಜನ ಕೇಳ್ತಾರೆ. ಹೆಮಟಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಬ್ಲಡ್ ಬ್ಯಾಂಕ್, ಮಲ ಮೂತ್ರ ಪರೀಕ್ಷೆ, ಹೀಗೆ ಪಟ್ಟಿ ಇದೆ. ಆದರೆ ನಾನು ಕಲಿತದ್ದು ಬೇರೆಯೇ. ಆರೋಗ್ಯವಾಗಿ ಓಡಾಡಿಕೊಂಡಿರೋ ಮನುಷ್ಯನಿಗೆ ಎಷ್ಟು ಬಗೆಯ ಕಾಯಿಲೆ ಬರಿಸಬಹುದು ಅನ್ನೋದನ್ನು ಕಲಿತೆ. ಅದಕ್ಕೆ ರೋಗಾಣು ಬೇಕಾಗಿಲ್ಲ. ನಾನೊಬ್ಬ ಸಾಕು.

ಮೊದಲ ಬಲಿ ನನ್ನ ಬೆಂಚಿನ ಗೆಳತಿ. ರಕ್ತ ತೆಗೆಯೋದನ್ನು ಶುರುವಿನಲ್ಲಿ ರಬ್ಬರ್ ಕೈ ಮೇಲೆ ಕಲಿಸುತ್ತಾರೆ. ರಬ್ಬರ್ ಕೈ ತುಂಬ ಒಳ್ಳೆಯದು, ಬೈಯೋದಿಲ್ಲ, ಕೈ ಎಳೆದುಕೊಳ್ಳೋದಿಲ್ಲ, ಎಲ್ಲಿ ಚುಚ್ಚಿದರೂ ಕೆಂಪು ನೀರು ಬರುತ್ತೆ. ಆಮೇಲೆ ಒಬ್ಬರ ಕೈಗೆ ಒಬ್ಬರು. ಮೊಣಕೈ ಮಡಚೋ ಜಾಗದಲ್ಲಿರುವ ನರವನ್ನು ಕಣ್ಣಿನಿಂದ ಅಲ್ಲ, ಬೆರಳಿನಿಂದ ಹುಡುಕಬೇಕು. (ಅದು ನರ ಅಲ್ಲ, ರಕ್ತನಾಳ ಅಂತ ಪುಸ್ತಕ ಹೇಳುತ್ತೆ. ಆದರೆ ಲ್ಯಾಬಲ್ಲಿ "ನರ ಸಿಕ್ತಾ?" ಅಂತಾನೇ ಕೇಳೋದು.) ಸೂಜಿಯ ಓರೆ ಬಾಯಿ ಮೇಲ್ಮುಖವಾಗಿರಬೇಕು, ಚುಚ್ಚೋ ಕೋನ 15ರಿಂದ 30 ಡಿಗ್ರಿ ಇರಬೇಕು, ತೋಳಿಗೆ ಬಿಗಿಯಾಗಿ ಕಟ್ಟಿದ ಪಟ್ಟಿ, ಅಂದರೆ ಟೂರ್ನಿಕೆಟ್, ಒಂದು ನಿಮಿಷಕ್ಕಿಂತ ಜಾಸ್ತಿ ಇರಬಾರದು. ಇಷ್ಟೂ ಬಾಯಿಪಾಠ ಆಗಿತ್ತು. ನರ ಮೊದಲನೇ ಸಲಕ್ಕೇ ಸಿಕ್ಕಿತು ಕೂಡ. ಆ ಖುಷಿಗೆ ಟೂರ್ನಿಕೆಟ್ ಬಿಚ್ಚದೆ ಸೂಜಿ ತೆಗೆದುಬಿಟ್ಟೆ.

ಕಟ್ಟಿದ ಕೈಯಲ್ಲಿ ಒತ್ತಡ ತುಂಬಿರುತ್ತೆ, ತೂತು ಹೊಸದಾಗಿರುತ್ತೆ, ರಕ್ತ ಇನ್ನೆಲ್ಲಿಗೆ ಹೋಗಬೇಕು? ಹೊರಗೂ ಬಂತು, ಚರ್ಮದ ಕೆಳಗೂ ಹರಡಿತು. ಮರುದಿನಕ್ಕೆ ಮೊಣಕೈ ಒಳಗೆ ಅಂಗೈ ಅಗಲದ ನೇರಳೆ ಕಲೆ. ಕೆಲವು ದಿನ ಬಿಟ್ಟು ಹಸಿರಾಯಿತು, ಇನ್ನೂ ಕೆಲವು ದಿನಕ್ಕೆ ಹಳದಿ. ಅದೇ ಹೊತ್ತಿಗೆ ಬಯೋಕೆಮಿಸ್ಟ್ರಿ ಕ್ಲಾಸಿನಲ್ಲಿ ಹಿಮೋಗ್ಲೋಬಿನ್ ಒಡೆದು ಹಸಿರು ಬಿಲಿವರ್ಡಿನ್ ಆಗೋದು, ಅದು ಹಳದಿ ಬಿಲಿರುಬಿನ್ ಆಗೋದು ಎಲ್ಲ ಪಾಠ ನಡೀತಿತ್ತು. ಎಲ್ಲರೂ ಬೋರ್ಡ್ ನೋಡಿ ಕಲಿತರೆ ಅವಳು ತನ್ನ ಕೈ ನೋಡಿ ಕಲಿತಳು. ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ಅವಳಿಗೆ ಪೂರ್ತಿ ಅಂಕ ಬಂತು. ನನಗೆ ಥ್ಯಾಂಕ್ಸ್ ಹೇಳಲಿಲ್ಲ.

ಆದರೂ ಪಾಪ, ಇನ್ನೊಂದು ಅವಕಾಶ ಕೊಟ್ಟಳು. ಅವತ್ತು ಅವಳನ್ನು ನಾನು ಹೆಚ್ಚು ಕಡಿಮೆ ಸಾಯಿಸಿದೆ.

ನಡೆದದ್ದು ಹೀಗೆ. ರಕ್ತದ ಟ್ಯೂಬುಗಳ ಮುಚ್ಚಳಕ್ಕೆ ಬೇರೆ ಬೇರೆ ಬಣ್ಣ ಇರುತ್ತೆ. ಅಂದಕ್ಕಲ್ಲ, ಒಳಗೆ ಬೇರೆ ಬೇರೆ ಕೆಮಿಕಲ್ ಇರುತ್ತೆ ಅಂತ. ನೀಲಿಯಲ್ಲಿ ಸಿಟ್ರೇಟ್, ಹಸಿರಿನಲ್ಲಿ ಹೆಪಾರಿನ್, ನೇರಳೆಯಲ್ಲಿ ಇಡಿಟಿಎ, ಬೂದಿಯಲ್ಲಿ ಫ್ಲೋರೈಡ್. ತುಂಬೋದಕ್ಕೂ ಒಂದು ಕ್ರಮ ಇದೆ: ನೀಲಿ, ಕೆಂಪು, ಹಸಿರು, ನೇರಳೆ, ಬೂದಿ. ಯಾಕೆ ಈ ಸರತಿ ಸಾಲು ಅಂತ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಅವತ್ತು ನೇರಳೆ ಟ್ಯೂಬನ್ನು ಮೊದಲು ತುಂಬಿದೆ, ಚೆನ್ನಾಗಿ ತುಂಬಿತು. ಕೆಂಪು ಅರ್ಧ ಆಗೋ ಹೊತ್ತಿಗೆ ನರ ಕೈಕೊಟ್ಟಿತು. ಮತ್ತೆ ಚುಚ್ಚೋಣ ಅಂದರೆ ಅವಳ ಮುಖ ನೋಡೋ ಧೈರ್ಯ ಇಲ್ಲ. ನೇರಳೆಯಲ್ಲಿ ಬೇಕಾದಷ್ಟಿದೆ, ಇದರಲ್ಲಿ ಇಲ್ಲ. ಎರಡೂ ಅವಳದ್ದೇ ರಕ್ತ ಅಲ್ವಾ? ಮುಚ್ಚಳ ತೆಗೆದು ಅದರಿಂದ ಇದಕ್ಕೆ ಸುರಿದು ಸಮ ಮಾಡಿದೆ. ಎಷ್ಟು ನೀಟಾಗಿ ಸುರಿದೆ ಅಂದರೆ ಒಂದು ಹನಿ ಹೊರಗೆ ಬೀಳಲಿಲ್ಲ.

ಟ್ಯೂಬನ್ನು ಗಿರಗಿರ ತಿರುಗಿಸೋ ಸೆಂಟ್ರಿಫ್ಯೂಜಿಗೆ ಹಾಕಿದೆ. (ಎದುರಿಗೆ ಅಷ್ಟೇ ತೂಕದ ಟ್ಯೂಬ್ ಇಟ್ಟೇ ಹಾಕಿದೆ. ಇಡದೆ ಹಾಕಿದರೆ ಏನಾಗುತ್ತೆ ಅಂತ ಹಿಂದಿನ ತಿಂಗಳೇ ಗೊತ್ತಾಗಿತ್ತು. ಗಡಗಡ ಅಂತ ಮೇಜಿನ ಅಂಚಿನ ತನಕ ನಡೆದುಕೊಂಡು ಹೋಗಿತ್ತು ಅದು.) ಮೇಲೆ ನಿಂತ ತಿಳಿ ದ್ರವ, ಅಂದರೆ ಸೀರಂ, ತೆಗೆದು ಮೆಷಿನ್‌ಗೆ ಕೊಟ್ಟೆ. ರಿಪೋರ್ಟ್ ಬಂತು. ಪೊಟ್ಯಾಸಿಯಮ್ 3.5ರಿಂದ 5ರ ಆಸುಪಾಸು ಇರಬೇಕು. 14 ಇತ್ತು. ಕ್ಯಾಲ್ಸಿಯಂ 9ರ ಆಸುಪಾಸು ಇರಬೇಕು. 2 ಇತ್ತು. ಪೊಟ್ಯಾಸಿಯಮ್ 6.5 ದಾಟಿದರೇ ಹೃದಯದ ಬಡಿತ ಹಳಿ ತಪ್ಪೋ ಅಪಾಯ ಅಂತ ಓದಿದ್ದೆ. ನನ್ನ ಕೈಕಾಲು ತಣ್ಣಗಾಯಿತು. ತಿರುಗಿ ನೋಡಿದರೆ ಹೃದಯ ನಿಂತಿರಬೇಕಾದವಳು ಕಿಟಕಿ ಹತ್ತಿರ ನಿಂತು ಯಾರದೋ ಮಾತಿಗೆ ಬಿದ್ದು ಬಿದ್ದು ನಗ್ತಿದ್ದಾಳೆ.

ಮೇಡಂ ರಿಪೋರ್ಟ್ ನೋಡಿದ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ. "ನೇರಳೆಯಿಂದ ಸುರಿದೆಯಾ?"

ನೇರಳೆ ಟ್ಯೂಬಿನ ಇಡಿಟಿಎ ಅಂದರೆ ಪೊಟ್ಯಾಸಿಯಮ್ ಉಪ್ಪು. ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟಲ್ಲ, ಅದಕ್ಕೇ ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತೆ. ಅಂದರೆ ನಾನು ಕೈಯಾರೆ ಪೊಟ್ಯಾಸಿಯಮ್ ಸುರಿದು, ಕ್ಯಾಲ್ಸಿಯಂ ಕಿತ್ತುಕೊಂಡಿದ್ದೆ. ನೇರಳೆ ಯಾಕೆ ಕೆಂಪಿನ ಆಮೇಲೆ ಬರುತ್ತೆ ಅಂತ ಅವತ್ತು ಅರ್ಥವಾಯಿತು, ಇನ್ನು ಈ ಜನ್ಮದಲ್ಲಿ ಮರೆಯಲ್ಲ. ಮೆಷಿನ್ ಮಾತ್ರ ಪಾಪ ಸರಿಯಾಗೇ ಓದಿತ್ತು. ಕೊಟ್ಟದ್ದನ್ನು ಓದೋದು ಅದರ ಕೆಲಸ, ಏನು ಕೊಟ್ಟೆ ಅಂತ ಕೇಳೋದಲ್ಲ.

ಅಂದಿನಿಂದ ಅವಳು ಕೈ ಕೊಡೋದು ನಿಲ್ಲಿಸಿದಳು. ನಾನು ಹತ್ತಿರ ಹೋದರೆ ತೋಳು ಕೆಳಗೆ ಎಳೆದುಕೊಳ್ತಿದ್ದಳು. ಸುದ್ದಿ ಕ್ಲಾಸಿಗೆಲ್ಲ ಹರಡಿ ಬೇರೆಯವರೂ ಹಾಗೇ ಮಾಡಿದರು. ಆಮೇಲೆ ಉಳಿದದ್ದು ನನ್ನದೇ ಬೆರಳು. ಬೆರಳ ತುದಿಗೆ ಲ್ಯಾನ್ಸೆಟ್ ಚುಚ್ಚಿಕೊಂಡು ಸುಮಾರು ಒಂದು ವರ್ಷ ನನ್ನ ರಕ್ತದಲ್ಲೇ ಪ್ರಾಕ್ಟೀಸ್.

ಸ್ಮಿಯರ್ ಎಳೆಯೋದು ನೋಡೋಕೆ ತುಂಬ ಸುಲಭ. ಸ್ಲೈಡಿನ ತುದಿಯಲ್ಲಿ ಒಂದು ಹನಿ, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಹನಿಗೆ ತಾಗಿಸಿ, ರಕ್ತ ಅಂಚಿಗೆಲ್ಲ ಹರಡುತ್ತಿದ್ದ ಹಾಗೆ ಒಂದೇ ಸಲ ಮುಂದಕ್ಕೆ ಎಳೆಯಬೇಕು. ಹಿಂದೆ ದಪ್ಪ, ಮುಂದೆ ತೆಳು, ತುದಿ ನಾಲಿಗೆಯ ಹಾಗೆ ದುಂಡಗೆ ಬರಬೇಕು. ಮೇಡಂ ಎಳೆದರೆ ನಾಲಿಗೆ ಬರುತ್ತಿತ್ತು. ನಾನು ಎಳೆದರೆ ಬಾಚಣಿಗೆ ಬರುತ್ತಿತ್ತು, ಮೆಟ್ಟಿಲು ಬರುತ್ತಿತ್ತು, ಒಮ್ಮೆ ಅರ್ಧಕ್ಕೇ ನಿಂತುಹೋಯಿತು. ಐವತ್ತು ಅರವತ್ತು ಸ್ಲೈಡ್ ಆದಮೇಲೆ ಒಂದು ದಿನ ಕೈ ತಾನಾಗೇ ಹೋಯಿತು, ನಾಲಿಗೆ ಬಂತು. ಏನು ಬದಲಾಯಿತು ಅಂತ ಕೇಳಿದರೆ ಹೇಳೋಕೆ ಗೊತ್ತಿಲ್ಲ, ಸೈಕಲ್ ಕಲಿತ ಹಾಗೆ.

ಆಮೇಲೆ ಬಣ್ಣ. ಲೀಶ್ಮನ್ ಸ್ಟೇನನ್ನು ಸ್ಲೈಡ್ ಮೇಲೆ ಸುರಿದು ಎರಡು ನಿಮಿಷ, ಅದರ ಎರಡರಷ್ಟು ಬಫರ್ ನೀರು ಹಾಕಿ ಸುಮಾರು ಹತ್ತು ನಿಮಿಷ, ಆಮೇಲೆ ತೊಳೆಯೋದು. ತೊಳೆಯೋದನ್ನು ನಾನು ಅರ್ಧಂಬರ್ಧ ಮಾಡ್ತಿದ್ದೆ. ಬಣ್ಣದ ಕಣಗಳು ಕೆಂಪು ರಕ್ತಕಣಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂತು ಒಣಗಿದ್ದವು. 100ರ ಲೆನ್ಸಿಗೆ ಎಣ್ಣೆ ಹಾಕಿ ನೋಡಿ ನನಗೆ ಮಲೇರಿಯಾ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಸ್ವಲ್ಪ ಚಳಿಯೂ ಆಯಿತು, ಸುಳ್ಳಲ್ಲ. ಮೇಡಂ ಬಂದು ನೋಡಿ, ಫೋಕಸ್ ಒಂಚೂರು ಮೇಲೆ ಕೆಳಗೆ ಮಾಡಿ, "ನಿನ್ನ ಪರಾವಲಂಬಿ ಕಣದ ಒಳಗಿಲ್ಲ, ಮೇಲೆ ಕೂತಿದೆ. ಸ್ಟೇನ್ ಸೋಸಿಕೊಂಡು ಬಾ" ಅಂದರು. ಹೋಗುವಾಗ ಇನ್ನೊಂದು ಮಾತು ಸೇರಿಸಿದರು. "ಬಣ್ಣ ಬೇರೆ ಸಾಲದು. ಕಣಗಳೆಲ್ಲ ಪೇಲವವಾಗಿವೆ."

ಅದೊಂದು ಮಾತು ಆಮೇಲೆ ಪ್ರತಿ ವಾರ ಬಂತು. ನಾಲಿಗೆ ಚೆನ್ನಾಗಿದೆ, ಬಣ್ಣ ಪೇಲವ. ನಾನು ಹತ್ತು ನಿಮಿಷ ಇದ್ದದ್ದನ್ನು ಹನ್ನೆರಡು ಮಾಡಿದೆ, ಹೊಸ ಬಾಟಲಿ ತಂದೆ, ಬಫರಿನ ಪಿಎಚ್ 6.8 ಇದೆಯಾ ಅಂತ ನೋಡಿದೆ. ಏನು ಮಾಡಿದರೂ ಪೇಲವ.

ಈ ನಡುವೆ ಬೇರೆ ಕಾಯಿಲೆಗಳನ್ನೂ ಕಂಡುಹಿಡಿದೆ, ಬೇಗ ಬೇಗ ಹೇಳಿ ಮುಗಿಸ್ತೀನಿ. ಇಎಸ್‌ಆರ್ ಟ್ಯೂಬನ್ನು ಒಂದು ಗಂಟೆ ನೆಟ್ಟಗೆ ನಿಲ್ಲಿಸಿ ಕೆಂಪು ಕಣಗಳು ಎಷ್ಟು ಇಳಿದವು ಅಂತ ನೋಡಬೇಕು, ಬೇಗ ಇಳಿದರೆ ಸೋಂಕಿರಬಹುದು ಅಂತ ಲೆಕ್ಕ. ನನ್ನ ಸ್ಟ್ಯಾಂಡಿನ ಸ್ಕ್ರೂ ಸಡಿಲ ಇತ್ತು, ಟ್ಯೂಬ್ ಸ್ವಲ್ಪ ವಾಲಿತ್ತು, ವಾಲಿದ ಟ್ಯೂಬಿನಲ್ಲಿ ಕಣಗಳು ಜಾರುಬಂಡೆ ಸಿಕ್ಕ ಹಾಗೆ ಬೇಗ ಇಳಿಯುತ್ತವೆ, ಹಾಗಾಗಿ ಕ್ಲಾಸಿನ ಒಬ್ಬ ಹುಡುಗನಿಗೆ ಮೈಯೊಳಗೆ ಎಲ್ಲೋ ದೊಡ್ಡ ಸೋಂಕು ಇದೆ ಅಂತಾಯಿತು. ಬಿಳಿ ರಕ್ತಕಣ ಎಣಿಸೋ ದಿನ, ಗೆರೆ ಕೊರೆದ ಎಣಿಕೆ ಗಾಜಿನ ನಾಲ್ಕು ಮೂಲೆ ಚೌಕಗಳಲ್ಲಿ 132 ಕಣ ಎಣಿಸಿದೆ. 50ರಿಂದ ಗುಣಿಸಿದರೆ 6,600, ಆರೋಗ್ಯವಂತ. ನಾನು ಕೆಂಪು ಕಣದ ಲೆಕ್ಕ ಹಿಡಿದು 10,000ದಿಂದ ಗುಣಿಸಿದೆ. 13 ಲಕ್ಷ ಚಿಲ್ಲರೆ ಬಂತು. ಅಷ್ಟಿದ್ದರೆ ರಕ್ತ ಕೆಂಪಗೇ ಇರಲ್ಲ ಮಾರಾಯ ಅಂದ ಪಕ್ಕದವನು. ಬ್ಲಡ್ ಗ್ರೂಪ್ ಮಾಡಿದ ದಿನ ಫೋನ್ ಬಂತು ಅಂತ ಎದ್ದು ಹೋದೆ. ವಾಪಸ್ ಬರೋ ಹೊತ್ತಿಗೆ ಓ ಗುಂಪಿನವನ ರಕ್ತ ಟೈಲ್ ಮೇಲೆ ಒಣಗಿ ಗಂಟು ಗಂಟಾಗಿ (ಓ ಆದರೆ ಗಂಟು ಕಟ್ಟಬಾರದು), ಅವನು ಎಬಿ ಆಗಿದ್ದ. 1901ರಲ್ಲಿ ವಿಜ್ಞಾನಿ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ಜೊತೆಯವರ ರಕ್ತ ಬೆರೆಸಿ ನೋಡಿಯೇ ಮೊದಲ ಮೂರು ಗುಂಪುಗಳನ್ನು ಗುರುತಿಸಿದ್ದು. ಅವನಿಗೆ ಫೋನ್ ಇರಲಿಲ್ಲ.

ಗ್ರಾಮ್ ಸ್ಟೇನ್ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು, ಯಾಕಂದರೆ ಅಲ್ಲಿ ನನಗೊಬ್ಬ ಆಪ್ತ ಸಿಕ್ಕ. ನೇರಳೆ ಬಣ್ಣ, ಅಯೋಡಿನ್, ಆಲ್ಕೋಹಾಲ್, ಕೊನೆಗೆ ಗುಲಾಬಿ ಬಣ್ಣ. ನೇರಳೆ ಉಳಿಸಿಕೊಂಡ ಬ್ಯಾಕ್ಟೀರಿಯಾ ಪಾಸಿಟಿವ್, ಬಿಟ್ಟುಕೊಟ್ಟು ಗುಲಾಬಿಯಾದದ್ದು ನೆಗೆಟಿವ್. ಎಲ್ಲ ಗುಟ್ಟೂ ಆಲ್ಕೋಹಾಲ್ ಸುರಿಯೋ ಆ ಕೆಲವು ಸೆಕೆಂಡುಗಳಲ್ಲಿದೆ. ನಾನು ಮನಸಾರೆ ಸುರಿದೆ. ಇಡೀ ಸ್ಲೈಡ್ ಗುಲಾಬಿ, ಒಂದೇ ಒಂದು ಪಾಸಿಟಿವ್ ಉಳಿಯಲಿಲ್ಲ. ಬೇಜಾರಲ್ಲಿ ಪುಸ್ತಕ ತಿರುವಿ ಹಾಕುವಾಗ ಕಂಡಿತು: 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಈ ವಿಧಾನ ಪ್ರಕಟಿಸುವಾಗ ಇದರಲ್ಲಿ ತುಂಬ ಕೊರತೆ ಇದೆ ಅಂತ ತಾನೇ ಬರೆದಿದ್ದನಂತೆ. ಕೊನೆಯ ಗುಲಾಬಿ ಬಣ್ಣ ಕೂಡ ಅವನದ್ದಲ್ಲ, ಆಮೇಲೆ ಬೇರೆಯವರು ಸೇರಿಸಿದ್ದು. ಇದನ್ನು ಮೇಡಂಗೆ ಹೇಳಿದೆ. "ಅವನು ಬರೆದಿಟ್ಟ. ನೀನು ರಿಪೋರ್ಟ್ ಮಾಡಿದೆ" ಅಂದರು.

ಬ್ಯಾಕ್ಟೀರಿಯಾ ಬೆಳೆಸೋ ಅಗರ್ ಪ್ಲೇಟಿನ ಕಥೆ ಇನ್ನೂ ಚೆಂದ. ತೊಳೆಯದ ಬೆರಳನ್ನು ಒಂದು ಪ್ಲೇಟಿಗೆ, ತೊಳೆದ ಬೆರಳನ್ನು ಇನ್ನೊಂದಕ್ಕೆ ಒತ್ತಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ, ಬೆಳಿಗ್ಗೆ ತೊಳೆದ ಬೆರಳಿನ ಪ್ಲೇಟಿನಲ್ಲೇ ಜಾಸ್ತಿ ಬೆಳೆದಿತ್ತು. ಸೋಪು ಹಚ್ಚಿ ಉಜ್ಜಿದಾಗ ಚರ್ಮದ ಸಂದಿಯಲ್ಲಿ ಕೂತವೂ ಎದ್ದು ಬರುತ್ತವಂತೆ. ಇದೊಂದೇ ನನ್ನ ತಪ್ಪಲ್ಲದ ಫಲಿತಾಂಶ, ಆದರೆ ಇದನ್ನೂ ಯಾರೂ ನಂಬಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಒಂದು ದಿನ ಹಳೇ ವಿಧಾನದಲ್ಲಿ ಹಿಮೋಗ್ಲೋಬಿನ್ ನೋಡೋ ಪ್ರಾಕ್ಟಿಕಲ್. ಆಸಿಡ್ ಹಾಕಿದ ಟ್ಯೂಬಿಗೆ 20 ಮೈಕ್ರೋಲೀಟರ್ ರಕ್ತ ಹಾಕಿ, ಹತ್ತು ನಿಮಿಷ ಬಿಟ್ಟು, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದೋ ತನಕ ಹನಿ ಹನಿ ನೀರು ಸೇರಿಸಬೇಕು. ಒಂದು ಹನಿ ಜಾಸ್ತಿ ಆದರೆ ತೆಗೆಯೋಕೆ ಬರಲ್ಲ. ನನಗೆ ಬಂದದ್ದು 9.2. ಗಂಡಸಿಗೆ ಕನಿಷ್ಠ 13 ಆದರೂ ಇರಬೇಕು. ಬೆರಳು ಹಿಂಡಿಬಿಟ್ಟೆ, ನೀರು ಸೇರಿ ತೆಳುವಾಯಿತು ಅಂದುಕೊಂಡು ಮತ್ತೆ ಮಾಡಿದೆ. 9. ಪಿಪೆಟ್ ಒಡೆದಿದೆ ಅಂದುಕೊಂಡು ಬದಲಿಸಿದೆ. 9.2. ಮೇಡಂ ಬರೋ ಮೊದಲೇ ನಾನು ತಪ್ಪೊಪ್ಪಿಕೊಂಡೆ, "ಎಲ್ಲೋ ಎಡವಟ್ಟು ಮಾಡಿದೀನಿ ಮೇಡಂ" ಅಂತ. ಅವರು ಮೂರೂ ಟ್ಯೂಬ್ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಕೆಳ ರೆಪ್ಪೆ ಎಳೆದು ನೋಡಿದರು. ಆಮೇಲೆ ನನ್ನ ಹಳೇ ಸ್ಲೈಡುಗಳ ಡಬ್ಬಿ ತರೋಕೆ ಹೇಳಿದರು.

ಒಂದೊಂದಾಗಿ ನೋಡಿದೆವು. ಕೆಂಪು ರಕ್ತಕಣದ ನಡುವೆ ಮೂರನೇ ಒಂದು ಭಾಗದಷ್ಟು ತಿಳಿ ಇರೋದು ಸಹಜ. ನನ್ನವು ಅಂಚಿನಲ್ಲಿ ತೆಳುವಾದ ಉಂಗುರ, ನಡುವೆಲ್ಲ ಬರೀ ಬಿಳುಪು. ಗಾತ್ರದಲ್ಲೂ ಪುಟ್ಟವು. ಪಕ್ಕದಲ್ಲೇ ಬಿಳಿ ಕಣಗಳು ಕಡು ನೇರಳೆಯಾಗಿ ಎದ್ದು ಕಾಣ್ತಿದ್ದವು, ಅಂದರೆ ಬಣ್ಣ ಸರಿಯಾಗೇ ಹಿಡಿದಿತ್ತು. ವರ್ಷವಿಡೀ ಸರಿಯಾಗೇ ಹಿಡಿದಿತ್ತು. ಮೇಡಂ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಾನೂ ಸ್ಟೇನಿಗೇ ಬೈದೆ" ಅಂದರು.

ಡಾಕ್ಟರ್ ಹತ್ತಿರ ಹೋಗುವಾಗ ಪೂರ್ತಿ ಕೌಂಟ್ ಬೇಕು, ಕಬ್ಬಿಣದ ಟೆಸ್ಟ್ ಬೇಕು ಅಂತ ಕೈಯಿಂದ ರಕ್ತ ತೆಗೆಯಬೇಕಾಯಿತು. ಯಾರು ತೆಗೀತೀರಿ ಅಂತ ಮೇಡಂ ಕೇಳಿ ಮುಗಿಸೋ ಮೊದಲೇ ನನ್ನ ಬೆಂಚಿನ ಗೆಳತಿ ಟೂರ್ನಿಕೆಟ್ ಹಿಡಿದು ಎದುರಿಗೆ ಕೂತಿದ್ದಳು. ಕೆಂಪು ಟ್ಯೂಬ್ ಎಡಗಡೆ ಇಟ್ಟಳು, ನೇರಳೆ ಬಲಗಡೆ, ಎರಡರ ನಡುವೆ ಒಂದು ಗೇಣು ಜಾಗ ಬಿಟ್ಟು. ನರ ಒಂದೇ ಸಲಕ್ಕೆ ಸಿಕ್ಕಿತು. ಮೊದಲು ಕೆಂಪು ತುಂಬಿದಳು, ಆಮೇಲೆ ನೇರಳೆ. ಆಮೇಲೆ ಸೂಜಿ ಹಾಗೇ ಬಿಟ್ಟು, ನನ್ನ ಮುಖವನ್ನೇ ನೋಡುತ್ತಾ, ತುಂಬ ನಿಧಾನವಾಗಿ, ಟೂರ್ನಿಕೆಟ್ ಬಿಚ್ಚಿದಳು.