ಹವ್ಯಾಸವಾ ಅಂತ ಕೇಳಿದಳು, ನಾನು ಹೂಂ ಅಂದೆ

ಮಗಳು ಆನ್‌ಲೈನ್ ಚಿತ್ರಕಲೆ ಕೋರ್ಸಿಗೆ ತನ್ನ ಕೈ ಬಿಡಿಸಿ ಕಳಿಸಿದ್ಲು. ಬಂದಿದ್ದು ಹತ್ತಕ್ಕೆ ಆರು. ಕೆಳಗೆ ಒಂದು ಸಾಲು: ಕೈ ಸಹಜ ಭಂಗಿಯಲ್ಲಿಲ್ಲ, ಮತ್ತೆ ಬಿಡಿಸಿ ಕಳಿಸಿ.

ಸಹಜ ಅಂತೆ! ಅದು ಕಟಕಾಮುಖ ಮುದ್ರೆ ಕಣ್ರೀ. ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂಡಿಕೊಂಡು ಉಳಿದೆರಡು ಎದ್ದಿರುತ್ತಲ್ಲ, ಅದು. ಏಳನೇ ವಯಸ್ಸಿಂದ ಭರತನಾಟ್ಯ ಮಾಡೋ ಹುಡುಗಿಯ ಕೈ ಸುಮ್ಮನಿದ್ದರೂ ಹಾಗೇ ಇರುತ್ತೆ. ಫ್ರಿಡ್ಜ್ ಬಾಗಿಲು ತೆಗೆದು ಏನೂ ಇಲ್ಲ ಅಂತ ನಿಂತಾಗ್ಲೂ ಹಾಗೇ. ಎಡಗೈ ನೋಡ್ಕೊಂಡು ಬಲಗೈಲಿ ಬಿಡಿಸು ಅಂದಿದ್ರು, ನೋಡ್ಕೊಂಡೇ ಬಿಡಿಸಿದ್ಲು. ಬೆರಳ ತುದಿಯಲ್ಲಿ ಮಾಸಿದ ಅಲ್ತ ಕೂಡ ಪೆನ್ಸಿಲ್ಲಿನ ನೆರಳಲ್ಲಿ ಬಂದಿತ್ತು. ಇದಕ್ಕೆ ಆರು.

ಅವಳು "ಬಿಡಪ್ಪಾ" ಅಂದ್ಲು. ನನಗೆ ಬಿಡಕ್ಕಾಗ್ತಿಲ್ಲ. ರಾತ್ರಿ ಹನ್ನೊಂದೂವರೆ ಆಗಿದೆ, ಬೆಳಗ್ಗೆ ಎಂಟಕ್ಕೆ ಮೀಟಿಂಗ್ ಇದೆ, ಇದನ್ನ ಬರೀತಾ ಕೂತಿದ್ದೀನಿ.

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮಕ್ಕಳಿರೋರಿಗೆ ಎಫ್ ಅಂದ್ರೆ ಸಾಕು, ಹೊಟ್ಟೆ ತೊಳಸುತ್ತೆ. ಇಲ್ಲದೋರಿಗೆ: ಯೂಸಿಗೆ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅರ್ಜಿ ಹಾಕಬೇಕಾದ್ರೆ ಎ ಇಂದ ಜಿ ವರೆಗಿನ ವಿಷಯಗಳಲ್ಲಿ ಒಂದೊಂದು ವರ್ಷದ 15 ಕೋರ್ಸುಗಳು ಆಗಿರಬೇಕು, ಎಫ್ ಅಂದ್ರೆ ಅದರಲ್ಲಿ ಕಲೆ, ಒಂದು ವರ್ಷ. ಹೈಸ್ಕೂಲ್ ಮುಗಿಸಿದ ಡಿಪ್ಲೊಮಾಗೆ ರಾಜ್ಯದ ಕಾನೂನು ಮೆತ್ತಗಿದೆ, ಕಲೆಯೋ ಪರಭಾಷೆಯೋ ವೃತ್ತಿ ಶಿಕ್ಷಣವೋ ಯಾವುದೋ ಒಂದು ಸಾಕು ಅನ್ನುತ್ತೆ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್, ಅಂದ್ರೆ ಇಲ್ಲಿನ ಸ್ಕೂಲುಗಳನ್ನ ನಡೆಸೋ ಮಂಡಳಿ, ಅದರ ಮೇಲೆ ತನ್ನದೂ ಒಂದು ಸೇರಿಸಿದೆ, ಕಲೆಗೇ ಅಂತ 10 ಕ್ರೆಡಿಟ್. ಇವಳದು ಹನ್ನೆರಡನೇ ಕ್ಲಾಸು. ಕಲೆಯ ಎದುರಿಗೆ ಸೊನ್ನೆ.

ಸೊನ್ನೆ! ಹೋದ ವರ್ಷ ಬೇಸಿಗೆಯಲ್ಲಿ ಮೈಸೂರಲ್ಲಿ ರಂಗಪ್ರವೇಶ ಆಯ್ತು. ಅಲರಿಪುವಿಂದ ತಿಲ್ಲಾನದ ತನಕ ಎರಡೂವರೆ ಗಂಟೆ. ವರ್ಣವೊಂದೇ ನಲವತ್ತು ನಿಮಿಷ, ಎಡಗಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿ ಮೇಲೆ ಗೆಜ್ಜೆ ಕಟ್ಟಿ. ಮೃದಂಗದವರು ಆಮೇಲೆ ಬಂದು ಅವಳ ತಲೆ ಮುಟ್ಟಿ ಹೋದ್ರು. ಕಲೆ: ಸೊನ್ನೆ.

ಆಗಸ್ಟ್ ಕೊನೇಲಿ ಆ ರಂಗಪ್ರವೇಶದ ಫೋಟೋ ಆಲ್ಬಮ್ ಎತ್ಕೊಂಡೇ ಸ್ಕೂಲಿನ ಕೌನ್ಸೆಲರ್ ಹತ್ರ ಹೋದೆ, ಮಕ್ಕಳ ಕೋರ್ಸು ಕ್ರೆಡಿಟ್ಟು ನೋಡ್ಕೊಳ್ಳೋಳು. ಮೂರು ಕೆಜಿ ತೂಕದ್ದು, ವೆಲ್ವೆಟ್ ಹೊದಿಕೆ. ಮಗಳು ಕಾರಲ್ಲೇ "ಅದನ್ನ ತರಬೇಡ" ಅಂದಿದ್ಲು. ನಾನು ಕೇಳೋನಾ? ಕೋಣೆ ಚಿಕ್ಕದು, ಟೇಬಲ್ ಮೇಲೆ ಚಾಕಲೇಟ್ ಬಟ್ಟಲು, ಆಲ್ಬಮ್ ಇಡಕ್ಕೆ ಜಾಗ ಇಲ್ಲ, ಅವಳೇ ಬಟ್ಟಲನ್ನ ಸರಿಸಿ ಜಾಗ ಮಾಡಿದ್ಲು. ಒಳ್ಳೇ ಹುಡುಗಿ, ಅವಳ ಮೇಲೆ ಸಿಟ್ಟಿಲ್ಲ. ಇದೆ. ಇಲ್ಲ. ಮೊದಲ ಪುಟ ತೆಗೆದು "ಓ, ಎಷ್ಟು ಚೆನ್ನಾಗಿದೆ, ಯಾರ ಮದುವೆ?" ಅಂದ್ಲು. ನಾನು ನಕ್ಕೆ. ಯಾಕೆ ನಕ್ಕೆ? ಮಗಳು ನಗಲಿಲ್ಲ, ಗೋಡೆಯ ಮೇಲಿನ ಕಾಲೇಜ್ ಬಾವುಟ ಎಣಿಸ್ತಾ ಇದ್ಲು. ನಾನು ವಿವರಿಸಿದೆ: ಗುರುಗಳು, ಹತ್ತು ವರ್ಷ, ವಾರಕ್ಕೆ ನಾಲ್ಕು ಗಂಟೆ, ಕರ್ನಾಟಕದ ಜೂನಿಯರ್ ಪರೀಕ್ಷೆ ಪಾಸಾದ ಸರ್ಟಿಫಿಕೇಟು, ಇದೋ ಸೀಲು, ಇದೋ ಸಹಿ. ಅವಳು ಪ್ಲಾಸ್ಟಿಕ್ ಹಾಳೆಯೊಳಗಿನ ಸರ್ಟಿಫಿಕೇಟನ್ನ ತಿರುಗಿಸಿ ಹಿಂದೆ ಏನಾದ್ರೂ ಇಂಗ್ಲಿಷಲ್ಲಿ ಇದೆಯಾ ನೋಡಿದ್ಲು. ಆಮೇಲೆ ತಲೆ ಓರೆ ಮಾಡಿ, ಬಹಳ ಮೆತ್ತಗೆ, ಆಸ್ಪತ್ರೆಲಿ ಮಾತಾಡೋ ಥರ, "ಅಂದ್ರೆ ಇದು ಅವಳ ಹವ್ಯಾಸ, ಅಲ್ವಾ?" ಅಂದ್ಲು.

ನಾನು ಹೂಂ ಅಂದೆ.

ಹೂಂ ಅಂದೆ ಕಣ್ರೀ. "ಎಸ್, ಎಸ್, ಹಾಬಿ" ಅಂದೆ. ಎರಡು ಸಲ ಎಸ್. ಮಗಳು ಆಗ ನನ್ನ ಕಡೆ ನೋಡಿದ್ಲು.

ಖಾಸಗಿ ಪಾಠಕ್ಕೆ ಕ್ರೆಡಿಟ್ ಇಲ್ಲ, ಅನುಮೋದನೆ ಆದ ಕೋರ್ಸ್ ಆಗಬೇಕು. ಅಷ್ಟೇ ವಿಷಯ. ಇದನ್ನ ಹೇಳಕ್ಕೆ ಆಲ್ಬಮ್ಮಿನ ಹನ್ನೆರಡು ಪುಟ ತಿರುವಬೇಕಿತ್ತಾ?

ಆನ್‌ಲೈನಲ್ಲಿ ಹುಡುಕಿ ಅಂದ್ಲು. ಮೂರು ವಾರ ಹುಡುಕಿದೆ. ಒಂದು ಕಡೆ ಕೋರ್ಸ್ ಚೆನ್ನಾಗಿದೆ, ಎ-ಜಿ ಪಟ್ಟಿಯಲ್ಲಿಲ್ಲ. ಇನ್ನೊಂದು ಕಡೆ ಪಟ್ಟಿಯಲ್ಲಿದೆ, ಅರ್ಧ ವರ್ಷದ್ದು ಮಾತ್ರ. ಅರ್ಧ ಸಂಗೀತ, ಅರ್ಧ ಚಿತ್ರಕಲೆ ಅಂತ ಜೋಡಿಸೋಣ ಅಂದ್ರೆ ಎರಡೂ ಒಂದೇ ಪ್ರಕಾರದ್ದಾಗಿರಬೇಕು. ಕಮ್ಯುನಿಟಿ ಕಾಲೇಜಲ್ಲಿ ಮೂರು ಯೂನಿಟ್ಟಿನ ಒಂದೇ ಕ್ಲಾಸು ಪೂರ್ತಿ ವರ್ಷಕ್ಕೆ ಸಮ, ಚಿನ್ನದಂಥ ದಾರಿ. ಆದ್ರೆ ಹೈಸ್ಕೂಲ್ ಮಕ್ಕಳಿಗೆ ನೋಂದಣಿ ಎಲ್ಲರಿಗಿಂತ ಕೊನೆಗೆ, ಅಷ್ಟೊತ್ತಿಗೆ ಕಾಯೋ ಪಟ್ಟಿಯಲ್ಲಿ 31ನೇ ಹೆಸರು ನಮ್ಮದು. ಎಪಿ ಅಂತ ಹೈಸ್ಕೂಲಲ್ಲೇ ಬರೆಯೋ ಕಾಲೇಜು ಮಟ್ಟದ ಪರೀಕ್ಷೆಗಳಿವೆ, ಅದರಲ್ಲಿ ಆರ್ಟ್ ಹಿಸ್ಟರಿಗೆ ಐದಕ್ಕೆ 3 ಬಂದ್ರೂ ಯೂಸಿ ಎಫ್ ಆಯ್ತು ಅಂತ ಒಪ್ಕೊಳ್ಳುತ್ತೆ ಅಂತ ಗೊತ್ತಾಗಿ ಒಂದಿನ ಕುಣಿದಾಡಿದೆ. ಪರೀಕ್ಷೆ ಮೇನಲ್ಲಿ, ಫಲಿತಾಂಶ ಜುಲೈನಲ್ಲಿ. ಡಿಸ್ಟ್ರಿಕ್ಟಿನ 10 ಕ್ರೆಡಿಟ್ಟಿಗೆ ಅದು ಆಗಲ್ಲ ಬೇರೆ. ಅಷ್ಟರಲ್ಲಿ ಅದರ 250 ಕೃತಿಗಳ ಪಟ್ಟಿ ಪೂರ್ತಿ ಓದಿಬಿಟ್ಟಿದ್ದೆ. ಸಾಂಚಿ ಇದೆ, ಖಜುರಾಹೊ ಇದೆ, ತಾಜಮಹಲ್ ಇದೆ, ನಟರಾಜನೂ ಇದ್ದಾನೆ. ಬೇಲೂರು ಹಳೇಬೀಡು ಇಲ್ಲ, ಹಂಪಿ ಇಲ್ಲ, ಬಾದಾಮಿ ಇಲ್ಲ. ಹೊಯ್ಸಳರ ಗುಡಿಗಳನ್ನ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದ್ದು ಇವರಿಗೆ ಯಾರೂ ಹೇಳಿಲ್ವಾ? ಅದು ಬೇರೆ ಜಗಳ ಬಿಡಿ.

ಟೆಕ್ಸಾಸಲ್ಲಿರೋ ನನ್ನ ಭಾವಮೈದ ಫೋನಲ್ಲಿ ಇನ್ನಷ್ಟು ಉಪ್ಪು ಸುರಿದ. ಅಲ್ಲಿ ಸ್ಕೂಲಿನ ಹೊರಗೆ, ಊರಿನ ಕಲಾ ಸಂಸ್ಥೆಯಲ್ಲಿ ಕಲಿತದ್ದಕ್ಕೂ ಫೈನ್ ಆರ್ಟ್ಸ್ ಕ್ರೆಡಿಟ್ ಕೊಡಬಹುದು ಅಂತ ಕಾನೂನಲ್ಲೇ ಅವಕಾಶ ಇದೆ, ಡಿಸ್ಟ್ರಿಕ್ಟು ಒಪ್ಪಬೇಕು ಅಷ್ಟೇ. ಫ್ಲೋರಲ್ ಡಿಸೈನ್ ಅಂತ ಒಂದು ಕೋರ್ಸಿದೆ, ಹೂವು ಜೋಡಿಸೋದು, ಅದೂ ಫೈನ್ ಆರ್ಟ್ಸೇ ಅಂತೆ. ನಮ್ಮಮ್ಮ ಐವತ್ತು ವರ್ಷ ಬಾಳೆನಾರಲ್ಲಿ ಮೊಗ್ಗು ಕಟ್ಟಿದ್ದಾರೆ, ಮೊಮ್ಮಗಳ ರಂಗಪ್ರವೇಶದ ಜಡೆಗೂ ಅವರೇ ಕಟ್ಟಿದ್ದು. ಟೆಕ್ಸಾಸಲ್ಲಿದ್ದಿದ್ರೆ ಡಾಕ್ಟರೇಟೇ ಸಿಗ್ತಿತ್ತೇನೋ.

ನಮ್ಮ ಪಕ್ಕದ ಮನೆ ಹುಡುಗ ಶನಿವಾರ ಕನ್ನಡ ಕಲಿಯಕ್ಕೆ ಹೋಗಿದ್ದಕ್ಕೆ ಭಾಷೆಯ ಕ್ರೆಡಿಟ್ ತಗೊಂಡ. ಸಂತೋಷ. ನಿಜವಾಗ್ಲೂ ಸಂತೋಷ. ಆದ್ರೆ ಅ ಆ ಇ ಈಗೆ ಕ್ರೆಡಿಟ್ ಇದೆ, ತೈಯಾ ತೈಗೆ ಯಾಕಿಲ್ಲ? ಯಾರಾದ್ರೂ ಹೇಳಿ. ಡಿಸ್ಟ್ರಿಕ್ಟಿಗೆ ನಾಲ್ಕು ಈಮೇಲ್ ಹಾಕಿದ್ದೀನಿ, "ನಿಮ್ಮ ಸಂದೇಶ ಬಂದಿದೆ" ಅಂತ ನಾಲ್ಕು ಉತ್ತರ ಬಂದಿದೆ.

ಕೊನೆಗೆ ಸಿಕ್ಕಿದ್ದು ಈ ಆನ್‌ಲೈನ್ ಕೋರ್ಸು. ಎರಡು ಸೆಮಿಸ್ಟರ್, ಸಾವಿರ ಡಾಲರಿನ ಹತ್ರ ಹತ್ರ. ಮೊದಲನೇ ವಾರ ಬಣ್ಣದ ಚಕ್ರ. ಎರಡನೇ ವಾರ ಕಲೆಯ ಏಳು ಅಂಶಗಳು: ಗೆರೆ, ಆಕಾರ, ಘನಾಕೃತಿ, ಛಾಯೆ, ಬಣ್ಣ, ಅವಕಾಶ, ಮೇಲ್ಮೈ. ಏಳು ಪದಗಳನ್ನ ಮೌಸಲ್ಲಿ ಎಳೆದು ಏಳು ಡಬ್ಬಿಯೊಳಗೆ ಬಿಡಬೇಕು. ಬಿಟ್ಲು. ನೂರಕ್ಕೆ ನೂರು, ಪರದೆ ಮೇಲೆ ಕಾಗದದ ಚೂರು ಹಾರಿತು. ಮೂರನೇ ವಾರ ಕೈ.

ಕ್ರೆಡಿಟ್ ಸಿಗಲಿ ಅಂತ ನಾವು ಡಾನ್ಸ್ ಕಲಿಸಿದ್ದಲ್ಲ, ಅದು ಸತ್ಯ. ಕಲೆಗೆ ಯಾರ ಮುದ್ರೆಯೂ ಬೇಕಿಲ್ಲ. ಆದ್ರೆ ಕೊಡಬೇಕಿತ್ತು ಕಣ್ರೀ, ಒಂದು ಐದಾದ್ರೂ! ಯೂಸಿ ಅರ್ಜಿಯಲ್ಲಿ ಚಟುವಟಿಕೆ ಅಂತ ಒಂದು ಡಬ್ಬಿ ಇದೆ, ಅಲ್ಲಿ ಬರೀಬಹುದಂತೆ. 350 ಅಕ್ಷರದೊಳಗೆ, ಜಾಗ ಬಿಟ್ಟಿದ್ದೂ ಲೆಕ್ಕ. ಹತ್ತು ವರ್ಷ. ನನ್ನ ಹೆಂಡತಿ ಬರೆದು, ಅಳಿಸಿ, "ಗುರುಗಳ ಹೆಸರೇ ಹಿಡಿಸ್ತಿಲ್ಲ" ಅಂದ್ಲು.

ಆಮೇಲೆ ಅವಳೇ ಇನ್ನೊಂದು ಮಾತೂ ಅಂದ್ಲು, ಅದನ್ನ ಬರೆಯೋದು ಬೇಡ ಅಂದ್ಕೊಂಡಿದ್ದೆ. ಒಂಬತ್ತನೇ ಕ್ಲಾಸಲ್ಲಿ ಒಂದು ಫಾರ್ಮ್ ಬಂದಿತ್ತು. ಎಲೆಕ್ಟಿವ್: ಆರ್ಟ್, ಸೆರಾಮಿಕ್ಸ್, ಕಂಪ್ಯೂಟರ್ ಸೈನ್ಸ್. ಮಗಳು ಸೆರಾಮಿಕ್ಸ್ ಅಂದಿದ್ಲು. ಟಿಕ್ ಹಾಕಿದ್ದು ಯಾರು? ನಾನು. ಎಲ್ಲಿಗೆ? ಕೇಳಬೇಡಿ. "ಮಡಕೆ ಮಾಡಿ ಏನ್ ಮಾಡ್ತೀಯಾ, ಡಾನ್ಸ್ ಹೇಗೂ ಇದೆಯಲ್ಲ, ಹವ್ಯಾಸಕ್ಕೆ" ಅಂದಿದ್ನಂತೆ. ಆ ಪದವನ್ನೇ ಅಂದಿದ್ದೆ ಅಂತಾಳೆ. ನನಗೆ ನೆನಪಿಲ್ಲ. ಇರಬಹುದು. ನಮ್ಮ ಸ್ಕೂಲಲ್ಲಿ ಡ್ರಾಯಿಂಗ್ ಪೀರಿಯಡ್ ಅಂದ್ರೆ ಗಣಿತದ ಮೇಷ್ಟ್ರು ಬಂದು ಪ್ರಮೇಯ ಬರೆಸೋ ಪೀರಿಯಡ್ಡು, ಅಲ್ಲಿಂದ ಬಂದೋನು ಇನ್ನೆಲ್ಲಿಗೆ ಟಿಕ್ ಹಾಕ್ತಾನೆ?

ಮಗಳು ಈಗ ಕೆಳಗೆ ಬಂದ್ಲು. ನಾಳೆ ಮತ್ತೆ ಕಳಿಸಬೇಕಂತೆ, ಅವಳ ಕೈ ಏನು ಮಾಡಿದ್ರೂ ಸಹಜವಾಗಿ ನಿಲ್ತಿಲ್ವಂತೆ. "ನಿನ್ನ ಕೈ ಕೊಡು" ಅಂದ್ಲು. ಬಲಗೈ ಟೇಬಲ್ ಮೇಲೆ ಇಟ್ಟಿದ್ದೀನಿ. ಈ ಸಾಲುಗಳನ್ನ ಎಡಗೈ ಹೆಬ್ಬೆರಳಲ್ಲಿ ಕುಟ್ತಿದ್ದೀನಿ, ತಪ್ಪಿದ್ರೆ ತಿದ್ದಿ ಓದ್ಕೊಳಿ. ಅಲ್ಲಾಡಬೇಡ ಅಂತಿದ್ದಾಳೆ.