ಕಂಬದ ಲೆಕ್ಕಾನೂ ಹಿಡೀರಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಚಹಾದಂಗಡಿಯಾಗ ಉರುಗ್ವೆಯ ಫುಟ್ಬಾಲ್ ಸ್ಟ್ರೈಕರ್ ಡಾರ್ವಿನ್ ನುನೆಜ್ ಹೆಸರು ಬಂತಂದ್ರ ಮುಗೀತು. ಒಬ್ಬ ‘ದಂಡ’ ಅಂತಾನ, ಇನ್ನೊಬ್ಬ ‘ನಸೀಬ ಖರಾಬ್’ ಅಂತಾನ. ಇಬ್ಬರದೂ ಅರ್ಧ ಲೆಕ್ಕ. 2023-24ರ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಾಗ ಲಿವರ್‌ಪೂಲ್‌ಗೆ 11 ಗೋಲು ಹೊಡೆದ, 8 ಹೊಡೆಸಿದ. ಆ 8 ಯಾರ ಖಾತೆಗ್ರೀ?

ಚೆಲ್ಸಿ ಎದುರು ಒಂದೇ ಮ್ಯಾಚಿನಾಗ 4 ಸಲ ಗೋಲಿನ ಕಂಬಕ್ಕ ಬಡಿದ, ಅದ್ರಾಗ ಒಂದು ಪೆನಾಲ್ಟಿ! ಎಲ್ಲಾ ನಸೀಬಲ್ಲ ಬಿಡ್ರಿ. ಮೂಲಿಗೆ ಮೆಲ್ಲಕ ತಳ್ಳೋ ಚೆಂಡನ್ನ ಜೋರಾಗಿ ಒದೀತಾನ, ಪಾಸ್ ಬರೋಕಿಂತ ಮೊದಲೇ ಓಡಿ ಆಫ್‌ಸೈಡ್ ಆಗ್ತಾನ. ಆದ್ರ ಆ ಓಟಕ್ಕ ಡಿಫೆಂಡರ್ ಬೆನ್ನು ಹತ್ತಿದಾಗ ಖಾಲಿಯಾದ ಜಾಗಕ್ಕ ತಂಡದ ಜೊತೆಗಾರ ಸಲಾಹ್ ನುಗ್ತಿದ್ದ. 3 ನಿಮಿಷದ ಹೈಲೈಟ್ಸಿನಾಗ ಅದು ಎಲ್ಲಿ ಕಾಣಬೇಕು?