ಎಣಿಸಿದ್ದೊಂದು, ಇಳಿದದ್ದೊಂದು

ಸೋಮವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲು. ಆಫೀಸಿನ ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟಿಸಿದ್ದಾರೆ. ಹತ್ತಬೇಕಾದದ್ದು ಎರಡನೇ ಮಹಡಿ, ನನ್ನ ಮೀನಖಂಡಗಳೋ ಎರಡೂ ಕಲ್ಲಾಗಿವೆ. ರೇಲಿಂಗ್ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೆರಡು ಕಾಲೂರಿ, ಈಗಷ್ಟೇ ನಡೆಯಲು ಕಲಿತ ಮಗುವಿನ ಹಾಗೆ ಹತ್ತುತ್ತಿದ್ದಾಗ ಫೋನ್ ಬಂತು. ಮೈಸೂರಿನಿಂದ ಚಿಕ್ಕಪ್ಪ. ರಾತ್ರಿ ಬಸ್ಸಿಗೆ ಹೊರಟವರು ಕ್ಷೇಮವಾಗಿ ತಲುಪಿದ ಸುದ್ದಿ ಹೇಳುತ್ತಾರೆ ಅಂದುಕೊಂಡೆ.

“ರಾತ್ರಿಯಿಡೀ ನಿದ್ದೆ ಬರಲಿಲ್ಲ ಕಣೇ,” ಅಂದರು. “ಸಂಪಾಜೆ ಘಾಟಿ ಉದ್ದಕ್ಕೂ ಅದೇ ಯೋಚನೆ. ಮೂರು ಕಡಿಮೆ ಬರೋದಕ್ಕೆ ಸಾಧ್ಯವೇ ಇಲ್ಲ.”

ಮೂರು ಎಂದರೆ ಮೆಟ್ಟಿಲು. ಕಾಪುವಿನ ದೀಪಸ್ತಂಭದ್ದು.

ಚಿಕ್ಕಪ್ಪ ಮೂವತ್ತು ವರ್ಷ ಆಡಿಟ್ ಮಾಡಿ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತು, ಅವರು ಆಡಿಟ್ ಬಿಡಲಿಲ್ಲ. ನನ್ನ ಮದುವೆ ಆಲ್ಬಮ್‌ನಲ್ಲಿ ಒಂದು ಫೋಟೋ ಇದೆ. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದರೆ ಚಿಕ್ಕಪ್ಪ ಮಾತ್ರ ಊಟದ ಪಂಕ್ತಿಯ ಕಡೆ ತಿರುಗಿ ನಿಂತಿದ್ದಾರೆ, ತುಟಿ ಅರ್ಧ ತೆರೆದಿದೆ. ಎಣಿಕೆ ಆಗ ಎಷ್ಟನೇ ಎಲೆಯಲ್ಲಿತ್ತೋ. ಆಸ್ಪತ್ರೆಯಲ್ಲಿ ನೆಲದ ಟೈಲ್ಸ್, ರೈಲಿನಲ್ಲಿ ಸೇತುವೆ, ಹೋಟೆಲಿನಲ್ಲಿ ಉದ್ದಿನವಡೆಯೊಳಗಿನ ಮೆಣಸಿನಕಾಳು, ಏನೂ ಅವರಿಂದ ತಪ್ಪಿಸಿಕೊಳ್ಳುವುದಿಲ್ಲ.

ಅವರೂ ಚಿಕ್ಕಮ್ಮನೂ ನಾಲ್ಕು ದಿನಕ್ಕೆಂದು ಉಡುಪಿಗೆ ಬಂದಿದ್ದರು. ಶನಿವಾರ ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಪಾಪ ಒಳ್ಳೆಯ ಮನಸ್ಸಿನಿಂದಲೇ ಬಾಯಿಬಿಟ್ಟರು. “ನಾಳೆ ಆದಿತ್ಯವಾರ ಅಲ್ವಾ, ಆರಾಮಲ್ಲಿ ಒಂದು ತಿರುಗಾಟ ಮಾಡುವ ಅಂತ ಎಣಿಸಿದ್ದೇನೆ.”

ಚಿಕ್ಕಪ್ಪನ ಕಿವಿ ನೆಟ್ಟಗಾಯಿತು. “ಎಷ್ಟು ಎಣಿಸಿದ್ರಿ ಅಳಿಯಂದ್ರೇ?”

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ತವರಿನಲ್ಲಿ ಎಣಿಸುವುದು ಎಂದರೆ ಒಂದು, ಎರಡು, ಮೂರು. ಗಂಡನ ಊರಿನಲ್ಲಿ ಎಣಿಸುವುದು ಎಂದರೆ ಅಂದುಕೊಳ್ಳುವುದು. ಮದುವೆಯಾದ ಹೊಸತರಲ್ಲಿ ಅತ್ತೆ “ನೀನು ಬೇಗ ಏಳ್ತಿ ಅಂತ ನಾನು ಎಣಿಸಿದ್ದೆ” ಅಂದಾಗ, ಏನನ್ನು ಎಣಿಸಿದರು ಎಂದು ತಿಳಿಯದೆ ಕಣ್ಣುಕಣ್ಣು ಬಿಟ್ಟಿದ್ದೆ. ನನಗೆ ಹದಿನಾಲ್ಕು ವರ್ಷದಲ್ಲಿ ಅಭ್ಯಾಸವಾಗಿದೆ. ಚಿಕ್ಕಪ್ಪನಿಗೆ ಆಗಿಲ್ಲ. ಕರಾವಳಿಯಲ್ಲಿ ಹತ್ತು ಮಾತಿಗೊಮ್ಮೆ ಯಾರಾದರೂ ‘ಎಣಿಸಿದೆ’ ಅನ್ನುವುದನ್ನು ಕೇಳಿ, ಕೊನೆಗೂ ತನ್ನ ಕುಲದವರ ನಡುವೆ ಬಂದು ಸೇರಿದೆ ಎಂಬ ಸಂತೋಷ ಅವರ ಮುಖದಲ್ಲಿರುತ್ತದೆ.

ನಮ್ಮವರು ಎಣಿಸಿದ್ದು ಎರಡೇ ಜಾಗ. ಬೆಳಿಗ್ಗೆ ವರಂಗದ ಕೆರೆ ಬಸದಿ, ಸಂಜೆ ಕಾಪುವಿನ ಲೈಟ್‌ಹೌಸು. ನಡುವೆ ಊಟ, ನಿದ್ದೆ, ಕಾಲು ಚಾಚಿ ಕೂರುವುದು. ಚಿಕ್ಕಪ್ಪ ಅದನ್ನು ಪೆಟ್ರೋಲ್ ಬಂಕಿನ ಬಿಲ್ಲಿನ ಹಿಂದೆ ಬರೆದುಕೊಂಡರು. ಬೆಳಿಗ್ಗೆ ನೋಡಿದರೆ ಜಾಗ ಐದಾಗಿತ್ತು, ‘ವಿಶ್ರಾಂತಿ: 20 ನಿಮಿಷ’ ಎಂಬ ಸಾಲೂ ಇತ್ತು.

ವರಂಗ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಹಿಂದೆ ಘಟ್ಟದ ಸಾಲು, ಮುಂದೆ ಕೆರೆ, ಕೆರೆಯ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಪುಟ್ಟ ಬಸದಿ. ದೋಣಿಯಲ್ಲಿ ಕೂತರೆ ಮಾತ್ರ ಅಲ್ಲಿಗೆ ದಾರಿ. ನೀರಿನ ಮೇಲೆ ತಾವರೆ ಎಲೆ. ಯಾರೂ ಮಾತಾಡದಿದ್ದರೆ ಹುಟ್ಟಿನಿಂದ ಜಾರುವ ಹನಿಯ ಸದ್ದೂ ಕೇಳುತ್ತದೆ. ಯಾರೂ ಮಾತಾಡದಿದ್ದರೆ.

“ಆಳ ಎಷ್ಟಪ್ಪಾ?” ಎಂದರು ಚಿಕ್ಕಪ್ಪ.

“ಇಳಿದು ನೋಡಿಲ್ಲ ಸರ್,” ಎಂದರು ದೋಣಿಯವರು.

“ಒಂದು ಅಂದಾಜು?”

“ನೀವು ಅಲ್ಲಾಡದೆ ಕೂತರೆ ಗೊತ್ತಾಗುವ ಸಂದರ್ಭ ಬರುವುದಿಲ್ಲ.”

ಇಡೀ ದಿನದಲ್ಲಿ ನಾನು ನಿಜವಾಗಿ ವಿಶ್ರಾಂತಿ ಪಡೆದದ್ದು ಆ ಉತ್ತರದಿಂದ ದೋಣಿ ದಡ ಮುಟ್ಟುವವರೆಗಿನ ನಾಲ್ಕು ನಿಮಿಷ. ನಾಲ್ಕು ಎಂದು ನನಗೆ ಹೇಗೆ ಗೊತ್ತು? ಚಿಕ್ಕಪ್ಪ ಹೇಳಿದರು.

ಕಾರ್ಕಳದಲ್ಲಿ 1432ರ ಗೊಮ್ಮಟನಿಗೆ ಕಾರಿನಿಂದಲೇ ಕೈಮುಗಿಯುವಂತೆ ನೋಡಿಕೊಂಡೆ. ನಲವತ್ತೆರಡು ಅಡಿ ಎತ್ತರದ ಮೂರ್ತಿ, ಬೆಟ್ಟ ಹತ್ತಿದರೆ ಮೆಟ್ಟಿಲು, ಅಷ್ಟು ಸಾಕು ನಮ್ಮ ಮಧ್ಯಾಹ್ನ ಮುಗಿಯಲು. ಆದರೆ ಎದುರಿನ ಚತುರ್ಮುಖ ಬಸದಿಯನ್ನು ತಪ್ಪಿಸಲಾಗಲಿಲ್ಲ. ಭೈರರಸರ ಕಾಲದ್ದು, 1586ರದ್ದು ಎಂದು ನಮ್ಮವರು ವಿವರಿಸುತ್ತ, ಬಾಯಿ ತಪ್ಪಿ “ನೂರೆಂಟು ಕಂಬ ಉಂಟಂತೆ” ಅಂದುಬಿಟ್ಟರು. ಆ ‘ಅಂತೆ’ಯೇ ಮುಳುವಾಯಿತು. ಆಡಿಟರಿಗೆ ‘ಅಂತೆ’ ಎಂದರೆ ಗೂಳಿಗೆ ಕೆಂಪು ಬಟ್ಟೆ. ಹನ್ನೆರಡೂವರೆಯ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ, ಒಮ್ಮೆ ಹಿಮ್ಮಡಿ ಊರಿ ಒಮ್ಮೆ ತುದಿಬೆರಳೂರಿ, ಕಂಬ ಕಂಬ ಮುಟ್ಟುತ್ತ ಸುತ್ತಿದರು. ದೂರದಿಂದ ನೋಡಿದವರು ಯಾವುದೋ ಹರಕೆ ಅಂದುಕೊಂಡಿರಬೇಕು. ಒಂದು ಅಜ್ಜಿ ಕೈಮುಗಿದರು.

ಊಟ, ಪುಳಿಯೋಗರೆ, ಕಾರಿನ ಸೀಟಿನ ಮೇಲೆ ಚೆಲ್ಲಿದ ಮಜ್ಜಿಗೆ, ಇವನ್ನೆಲ್ಲ ಬಿಡುತ್ತೇನೆ. ಬೆಳ್ಮಣ್, ಪಡುಬಿದ್ರಿ ದಾಟಿ ಕಾಪುವಿಗೆ ಬಂದಾಗ ನಾಲ್ಕೂವರೆ.

ಕಾಪುವಿನ ದೀಪಸ್ತಂಭ ಕಡಲಿಗೆ ಚಾಚಿದ ಬಂಡೆಯ ಮೇಲೆ 1901ರಿಂದ ನಿಂತಿದೆ. ಎತ್ತರ 27 ಮೀಟರ್. ಸಂಜೆ ಹೊತ್ತು ಜನರನ್ನು ಮೇಲೆ ಬಿಡುತ್ತಾರೆ. ಎತ್ತರ ಕೇಳಿದ ಕೂಡಲೇ ಚಿಕ್ಕಪ್ಪ ಕೆಳಗೆ ನಿಂತೇ 27ನ್ನು ಸೆಂಟಿಮೀಟರ್ ಮಾಡಿ ಮೆಟ್ಟಿಲಿನ ಎತ್ತರದಿಂದ ಭಾಗಿಸಿ, ಎಷ್ಟು ಬರಬೇಕೆಂದು ಮೊದಲೇ ತೀರ್ಮಾನಿಸಿದರು. ಚಿಕ್ಕಮ್ಮನಿಗೆ ಮಂಡಿನೋವು. “ಗೋಪುರ ನಿಮಗೇ ಇರಲಿ. ನಾನು ಕಡಲೆಕಾಯಿ ತಗೊಂಡು ನಿಧಾನಕ್ಕೆ ಬಂಡೆ ಹತ್ತಿ ಬಂದು ಕೂತಿರ್ತೀನಿ” ಎಂದು ಕೊಡೆ ಬಿಚ್ಚಿಕೊಂಡು ಹೊರಟರು. ಬಂಡೆಯ ಮೆಟ್ಟಿಲು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಐದು ನಿಮಿಷ ಚರ್ಚೆಯಾಗಿ, ಬರುವುದಿಲ್ಲ, ಗೋಪುರದ್ದು ಮಾತ್ರ ಎಂದು ಠರಾವಾಯಿತು.

ಚಿಕ್ಕಪ್ಪ ಮೆಟ್ಟಿಲು ಹತ್ತುವ ಕ್ರಮ ನೋಡಬೇಕು. ಬಲಗೈಯ ತೋರುಬೆರಳು ಮೇಲೆ, ತುಟಿ ಒಳಗೊಳಗೇ ಅಲ್ಲಾಡುತ್ತಿರುತ್ತದೆ, ಕಣ್ಣು ಕಾಲಿನ ಮೇಲೆ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸಕೂಡದು. ಅವರೂ ಮಾತಾಡುವುದಿಲ್ಲ, ಏನಿದ್ದರೂ ಸನ್ನೆ. ಆದರೆ ಲೈಟ್‌ಹೌಸಿನ ಒಳಗೆ ಸುತ್ತು ಮೆಟ್ಟಿಲು, ಒಬ್ಬರು ಹತ್ತಿದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದಷ್ಟು ಅಗಲ. ಮೇಲಿಂದ ಇಳಿದು ಬಂದ ಒಬ್ಬ ಯುವಕ ಮರ್ಯಾದೆಯಿಂದ “ಸರ್, ಹೋಗಿ, ಹೋಗಿ” ಅಂದ. ಚಿಕ್ಕಪ್ಪ ಬೆರಳು ತೋರಿಸಿದರು. ಅವನು “ಒಂದು ನಿಮಿಷವಾ ಸರ್?” ಅಂದ. ಇವರು ಅಲ್ಲ ಎಂದು ತಲೆಯಾಡಿಸಿದರು. “ಒಬ್ಬರೇ ಬಂದದ್ದಾ?” ಅಂದ. ಹಿಂದೆ ನಾವು ನಾಲ್ಕಾರು ಜನ ಗಾಳಿಯಿಲ್ಲದೆ ಬೇಯುತ್ತಿದ್ದೆವು.

ಅಷ್ಟರಲ್ಲಿ ನನ್ನ ಮಗನಿಗೆ ಆಟ ಸಿಕ್ಕಿತು. ಏಳನೇ ಕ್ಲಾಸು, ಕೀಟಲೆಯಲ್ಲಿ ಡಿಗ್ರಿ ಮುಗಿಸಿದ್ದಾನೆ. ಅಜ್ಜನ ಹಿಂದೆಯೇ ಹತ್ತುತ್ತ, ಏನೂ ಅರಿಯದವನ ದನಿಯಲ್ಲಿ “ಅಪ್ಪಾ, ನಿನ್ನೆ ಸ್ಕೋರ್ ಎಷ್ಟಾಯ್ತು? ನೂರ ಅರವತ್ತೆರಡಾ, ನೂರ ಎಪ್ಪತ್ತೆಂಟಾ?” ಎಂದು ಕೇಳಿದ. ಚಿಕ್ಕಪ್ಪ ಒಂದು ಮೆಟ್ಟಿಲಲ್ಲಿ ತಡೆದು ನಿಂತು, ಕಣ್ಣು ಮುಚ್ಚಿ, ಮತ್ತೆ ಹೊರಟರು. “ಅಮ್ಮಾ, ನನ್ನ ರೋಲ್ ನಂಬರ್ ಮೂವತ್ತೇಳು ಅಲ್ವಾ?” ಎಂದ. ಮತ್ತೆ ನಿಂತರು. “ನಮ್ಮ ಬಸ್ಸಿನ ನಂಬರ್...” ಅನ್ನುವಷ್ಟರಲ್ಲಿ ನಾನು ಅವನ ಬಾಯಿ ಮುಚ್ಚಿದೆ. ತಡವಾಗಿತ್ತು. ನಮ್ಮವರು ಪೆದ್ದುಪೆದ್ದಾಗಿ ಸ್ಕೋರನ್ನು ನೆನಪು ಮಾಡಿಕೊಂಡು, ಓವರ್ ಸಮೇತ ಜೋರಾಗಿ ಹೇಳಿದರು. ಗೋಪುರದಲ್ಲಿ ಅದು ಮೂರು ಸಲ ಪ್ರತಿಧ್ವನಿಸಿತು.

ಕೊನೆಯ ಭಾಗ ಬಹಳ ಕಡಿದು. ತಲೆ ತಗ್ಗಿಸಿ ಹೊರಗೆ ಕಾಲಿಟ್ಟರೆ ಗಾಳಿ ಮುಖಕ್ಕೆ ಬಡಿಯಿತು. ಒಂದು ಕಡೆ ದಿಗಂತದವರೆಗೆ ಕಡಲು, ಇನ್ನೊಂದು ಕಡೆ ಕಣ್ಣು ಹೋದಷ್ಟು ತೆಂಗಿನ ತಲೆಗಳು, ಕೆಳಗೆ ಬಂಡೆಗೆ ಬಡಿದು ಬಿಳಿಯಾಗುವ ತೆರೆ. ಅಲ್ಲಿದ್ದವರೆಲ್ಲ ಸೂರ್ಯನ ಕಡೆ ತಿರುಗಿದ್ದರು. ಚಿಕ್ಕಪ್ಪ ಕಡಲಿಗೆ ಬೆನ್ನು ಹಾಕಿ, ಗೋಡೆಗೆ ಬಿಲ್ಲು ಒತ್ತಿ ಹಿಡಿದು ಸಂಖ್ಯೆ ಬರೆದುಕೊಂಡರು.

ಆ ಸಂಖ್ಯೆಯನ್ನು ನಾನಿಲ್ಲಿ ಬರೆಯುವುದಿಲ್ಲ. ನೀವು ಕಾಪುವಿನವರಾಗಿದ್ದರೆ ತಪ್ಪು ಅನ್ನುತ್ತೀರಿ, ಚಿಕ್ಕಪ್ಪ ಅದನ್ನು ಓದುತ್ತಾರೆ, ಆಮೇಲೆ ನನಗೇ ಫೋನ್ ಬರುತ್ತದೆ.

ವಾತಾವರಣ ತಿಳಿಯಾಗಲಿ ಎಂದು ನಮ್ಮವರು ದೀಪದ ವಿಷಯ ಎತ್ತಿದರು. ಒಂದೊಂದು ದೀಪಸ್ತಂಭದ ಮಿನುಗಿಗೂ ಅದರದೇ ತಾಳ, ಇಷ್ಟು ಸೆಕೆಂಡಿನಲ್ಲಿ ಇಷ್ಟು ಮಿಂಚು ಎಂದು ನಿಗದಿ. ಕತ್ತಲಲ್ಲಿ ಹಡಗಿನವರು ಅದನ್ನು ಲೆಕ್ಕ ಹಾಕಿ, ತಮ್ಮ ಬಳಿಯ ಪಟ್ಟಿಗೆ ತಾಳೆ ನೋಡಿ, ಇದು ಇಂಥ ಊರು ಎಂದು ಗುರುತಿಸುತ್ತಾರೆ. ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ಕೇಳಿಸ್ಕೊಂಡ್ಯಾ? ಎಣಿಸೋರು ಇಲ್ಲದಿದ್ರೆ ಹಡಗೆಲ್ಲ ಬಂಡೆಗೆ ಬಡ್ಕೋತಿತ್ತು.” ನನ್ನ ಜೀವನದಲ್ಲಿ ಅವರಿಗೆ ಸಿಕ್ಕ ಅತಿ ದೊಡ್ಡ ಗೆಲುವು ಅದು. ಕೊಟ್ಟವರು ನನ್ನ ಗಂಡ.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗ ಕಂಬಿ ಹಿಡಿದು ಕೆಳಗೆ ಇಣುಕುತ್ತಿದ್ದ. ಅವನನ್ನೇ ನೋಡುತ್ತ, “ನಿಮ್ಮಪ್ಪನೂ ಹೀಗೇ,” ಅಂದರು. “ಚಾಮುಂಡಿ ಬೆಟ್ಟ ಹತ್ತುವಾಗ ಬೇಕೂಂತಲೇ ಹಿಂದಿನಿಂದ ಏನೇನೋ ನಂಬರ್ ಕೂಗೋನು. ದೊಡ್ಡ ನಂದಿ ಹತ್ರ ಬರೋಷ್ಟರಲ್ಲಿ ನನ್ನ ಲೆಕ್ಕ ತಪ್ಪಿರ್ತಿತ್ತು. ಒಂದು ಸಲಾನೂ ಪೂರ್ತಿ ಎಣಿಸೋಕೆ ಬಿಡ್ಲಿಲ್ಲ ಅವನು.”

ಅಪ್ಪ ಹೋಗಿ ಆರು ವರ್ಷವಾಯಿತು. “ಈಗ ಎಣಿಸಬಹುದಲ್ಲ ಚಿಕ್ಕಪ್ಪ, ಬೆಟ್ಟ ಮನೆ ಹತ್ತಿರವೇ ಇದೆ,” ಅಂದೆ.

“ಒಬ್ಬನೇ ಏನು ಎಣಿಸೋದು,” ಅಂದರು.

ನಾನು ಮಗನ ಬಾಯಿ ಮುಚ್ಚಬಾರದಿತ್ತೇನೋ ಅನ್ನಿಸಿತು. ಆ ಮೃದುಭಾವ ಕೆಳಗಿಳಿಯುವವರೆಗೂ ಉಳಿಯಲಿಲ್ಲ. ಇಳಿಯುವಾಗಲೂ ಎಣಿಕೆ ನಡೆಯುತ್ತದೆ, ಅದು ಆಡಿಟ್ ನಿಯಮ. ಈ ಸಲ ಮಗನನ್ನು ಅವನಪ್ಪನ ಜೊತೆ ಮುಂದೆ ಅಟ್ಟಿದ್ದೆವು. ಗೋಪುರದ ಬಾಗಿಲಿಗೆ ಬಂದಾಗ ಚಿಕ್ಕಮ್ಮ ಅಲ್ಲೇ ಬ್ಯಾಗು, ಕೊಡೆ, ಚಪ್ಪಲಿ, ನೀರಿನ ಬಾಟಲಿ ಎಲ್ಲ ಹರಡಿಕೊಂಡು, ಕಡಲು ನೋಡುತ್ತ ಆರಾಮವಾಗಿ ಕೂತಿದ್ದರು. ತಿರುಗಿ, “ಎಷ್ಟಾಯ್ತೂಂದ್ರೆ?” ಎಂದರು. ಚಿಕ್ಕಪ್ಪ ಹೊಸ್ತಿಲಲ್ಲೇ ನಿಂತು ಚೀಟಿ ತೆಗೆದು ನೋಡಿದರು. ಅವರ ಮುಖ ಬಿಳಚಿಕೊಂಡಿತು.

ಮೂರು ಕಡಿಮೆ.

ಅಲ್ಲಿದ್ದ ಸಿಬ್ಬಂದಿಯನ್ನು ಹಿಡಿದುಕೊಂಡರು. “ನೀವು ಇಲ್ಲೇ ಇರೋರು. ಎಣಿಸಿದ್ದೀರಾ?”

“ಎಣಿಸದೆ ಇರ್ತದಾ ಸರ್,” ಎಂದರು ಅವರು.

ಚಿಕ್ಕಪ್ಪನ ಕಣ್ಣು ಮಿನುಗಿತು. “ಎಷ್ಟು?”

“ಎಂತ ಎಷ್ಟು? ಮಗಳನ್ನು ಮುಂದೆ ಓದಿಸಬೇಕು ಅಂತ ಎಣಿಸಿದ್ದೇನೆ, ಮನೆಗೊಂದು ಶೀಟ್ ಹಾಕಿಸಬೇಕು ಅಂತ...”

“ಅಲ್ಲಪ್ಪಾ, ಮೆಟ್ಟಿಲು!”

“ಮೆಟ್ಟಿಲಾ? ಅದು ಬೇಡ ಮಾರಾಯ್ರೆ. ದಿನಾ ಹತ್ತುವವ ನಾನು, ಲೆಕ್ಕ ಇಟ್ಟರೆ ಕಾಲು ನೋಯ್ತದೆ.”

ಇನ್ನೊಂದು ಸಲ ಹತ್ತಿ ಬರುತ್ತೇನೆ ಎಂದು ಚಿಕ್ಕಪ್ಪ ತಿರುಗಿದರು. ಸಮಯ ಮುಗಿದಿತ್ತು, ಬಾಗಿಲು ಹಾಕಿದರು. ಆ ಬಾಗಿಲಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ. ಚಿಕ್ಕಮ್ಮನ ಸಾಮಾನುಗಳನ್ನು ದಾಟಿಕೊಂಡು, ಬಂಡೆ ಇಳಿದು, ಮರಳಲ್ಲಿ ಕಾಲೆಳೆಯುತ್ತ ಕಾರಿನವರೆಗೂ ಒಂದೇ ವಿಷಯ. ಬಸ್ ಸ್ಟ್ಯಾಂಡಿನಲ್ಲಿಯೂ ಅದೇ. ಬಸ್ಸಿನ ಕಿಟಕಿಯಿಂದ ಕೈಬೀಸುವಾಗ ಉಳಿದವರು ಐದು ಬೆರಳು ಬೀಸಿದರೆ ಅವರು ಮೂರು ಬೆರಳು ತೋರಿಸಿದರು.

ಇವತ್ತು ಬೆಳಿಗ್ಗಿನ ಫೋನಿನಲ್ಲಿ ತೀರ್ಪು ಬಂತು. ಮುಂದಿನ ತಿಂಗಳು ಎರಡನೇ ಶನಿವಾರ ಮತ್ತೆ ಬರುತ್ತಾರೆ. ನಾನೂ ಜೊತೆಗೆ ಎಣಿಸಬೇಕು. ಬೇರೆ ಬೇರೆ ಚೀಟಿಯಲ್ಲಿ ಬರೆದು, ಮೇಲೆ ಹೋದ ಮೇಲೆ ತೆರೆದು ನೋಡುವುದು. ಹುಡುಗನನ್ನು ಕೆಳಗೆ ಬಿಡುವುದು.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಮತ್ತೆ ಅದೇ ನಂಬರ್. ಎತ್ತುವುದೋ ಬೇಡವೋ ಎಂದು ಯೋಚಿಸಿ ಎತ್ತಿದೆ. ಚಿಕ್ಕಮ್ಮ. ದನಿ ತಗ್ಗಿಸಿ ಮಾತಾಡುತ್ತಿದ್ದರು, ಹಿಂದೆ ಅಡುಗೆಮನೆಯ ನಲ್ಲಿ ಜೋರಾಗಿ ಬಿಟ್ಟ ಸದ್ದು.

“ನೋಡೇ, ಬಾಗಿಲ ಹೊರಗೆ ಮೂರು ಮೆಟ್ಟಿಲಿದೆ. ಹತ್ತುವಾಗ ಅದನ್ನೂ ಸೇರಿಸಿದ್ದಾರೆ. ಇಳಿಯುವಾಗ ನಾನು ಅದರ ಮೇಲೇ ಕೂತಿದ್ನಲ್ಲ, ಬಾಗಿಲಲ್ಲೇ ನಿಲ್ಲಿಸ್ಬಿಟ್ರು.”

“ಅಯ್ಯೋ ಚಿಕ್ಕಮ್ಮ, ಅವರಿಗೆ ಹೇಳಬಾರದಾ? ರಾತ್ರಿಯಿಡೀ ನಿದ್ದೆ ಮಾಡಿಲ್ಲವಂತೆ!”

“ಸುಮ್ನಿರೇ,” ಅಂದರು. “ಹೇಳಿದ್ರೆ ಇನ್ನೊಂದು ಸಲ ಯಾತಕ್ಕೆ ಕರ್ಕೊಂಡು ಬರ್ತಾರೆ? ಗಾಳಿ ಎಷ್ಟು ಚೆನ್ನಾಗಿತ್ತು ಅಲ್ಲಿ. ಮುಂದಿನ ಸಲ ಬರುವಾಗ ಆ ನೀಲಿ ಚಾಪೆ ತೆಗೆದಿಟ್ಟಿರು, ಕಲ್ಲು ಒತ್ತುತ್ತೆ.”